ತೇಪೆಯ ಚರಿತ್ರೆ

ಹರಿದ ಬಟ್ಟೆಗೆ ತೇಪೆ ಹಾಕೋದನ್ನ ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಹಳೇ ಸೀರೆ, ಹರಕು ಪಂಚೆ ಸೇರಿಸಿ ಕೌದಿ ಹೊಲಿದ ಅವ್ವಂದಿರ ಮಕ್ಕಳು ನಾವು. ಅಮೆರಿಕದಲ್ಲಿ ಇದೇ ತೇಪೆ ಒಮ್ಮೆ ಅಪರಾಧವಾಯಿತು, ಆಮೇಲೆ ಅಂಗಡಿಯ ಸರಕಾಯಿತು. ಅದು ಹೇಗೆ ಅಂತ ನೋಡೋಣ.

ಜೀನ್ಸ್ ಮೊದಲಿಗೆ ದುಡಿಯುವವರ ಬಟ್ಟೆ. 1873ರಲ್ಲಿ ದರ್ಜಿ ಜೇಕಬ್ ಡೇವಿಸ್ ಮತ್ತು ಬಟ್ಟೆ ವ್ಯಾಪಾರಿ ಲೆವಿ ಸ್ಟ್ರಾಸ್, ಜೇಬಿನ ಮೂಲೆಗೆ ತಾಮ್ರದ ರಿವೆಟ್ ಹೊಡೆದು ಗಟ್ಟಿ ಮಾಡುವ ವಿಧಾನಕ್ಕೆ ಪೇಟೆಂಟ್ ಪಡೆದರು. ಗಣಿಯಲ್ಲಿ, ಹೊಲದಲ್ಲಿ ದುಡಿದವರು ಅದನ್ನ ಹಾಕ್ಕೊಂಡರು. ಮೊಣಕಾಲು ಹರಿದರೆ ತೇಪೆ ಹಚ್ಚಿದರು. ಶೋಕಿಗಲ್ಲ, ಬೇರೆ ಗತಿಯಿಲ್ಲದೆ.

1960ರ ದಶಕದ ಆರಂಭದಲ್ಲಿ, ದಕ್ಷಿಣದ ರಾಜ್ಯಗಳಲ್ಲಿ ಕಪ್ಪು ಜನರ ಓಟಿನ ಹಕ್ಕಿಗಾಗಿ ಹೋರಾಡಿದ ಎಸ್‌ಎನ್‌ಸಿಸಿಯ ವಿದ್ಯಾರ್ಥಿಗಳು ಡೆನಿಮ್ ಓವರಾಲ್ ತೊಟ್ಟು ಹಳ್ಳಿಗೆ ಹೋದರು. ಇನ್ನೊಬ್ಬರ ಹೊಲವನ್ನು ಪಾಲಿಗೆ ಉಳುತ್ತಿದ್ದವರಿಗೆ, ನಾವು ನಿಮ್ಮವರೇ ಅಂತ ಆ ಬಟ್ಟೆ ಹೇಳಿತು.

ಆಮೇಲೆ ಬಂದವರು ಹಿಪ್ಪಿಗಳು, ಬಹುಪಾಲು ಬಿಳಿಯ ಮಧ್ಯಮವರ್ಗದ ಮಕ್ಕಳು. 1967ರಲ್ಲಿ ಸ್ಯಾನ್‌ಫ್ರಾನ್ಸಿಸ್ಕೋದ ಹೈಟ್-ಆಶ್‌ಬರಿಯಲ್ಲಿ ಸಾವಿರಾರು ಮಂದಿ ನೆರೆದರು. ಅಪ್ಪಂದಿರ ಕೋಟು-ಟೈ ಬೇಡ, ವಿಯೆಟ್ನಾಂ ಯುದ್ಧವೂ ಬೇಡ ಅಂದರು. ಜೀನ್ಸಿನ ಮೇಲೆ ಹೂವು, ಸೂರ್ಯನ ಕಸೂತಿ ಹಾಕಿದರು. 1958ರಲ್ಲಿ ಬ್ರಿಟನ್ನಿನ ಅಣ್ವಸ್ತ್ರ ವಿರೋಧಿ ಮೆರವಣಿಗೆಗಾಗಿ ಜೆರಾಲ್ಡ್ ಹೋಲ್ಟಮ್ ಬರೆದ ಶಾಂತಿಚಿಹ್ನೆಯನ್ನೇ ತೇಪೆ ಮಾಡಿ ಹೊಲಿದುಕೊಂಡರು. ಹರಕು ಅವರು ಆರಿಸಿಕೊಂಡದ್ದು. ಬಡವನ ಮೇಲೆ ಹರಕು ಹೇರಿದ್ದು. ಈ ವ್ಯತ್ಯಾಸ ಮರೆಯಬಾರದು.

ಹಾಗಂತ ಅವರನ್ನು ಬರೀ ಶೋಕಿಯವರು ಅಂತ ತಳ್ಳಿಹಾಕುವಂತಿಲ್ಲ. 1970ರಲ್ಲಿ ಮೆಸಾಚುಸೆಟ್ಸ್ ರಾಜ್ಯದಲ್ಲಿ ಒಬ್ಬ ಯುವಕ ಪ್ಯಾಂಟಿನ ಕುಂಡಿಯ ಮೇಲೆ ಅಂಗೈಯಗಲದ ಅಮೆರಿಕದ ಬಾವುಟ ಹೊಲಿದುಕೊಂಡು ಓಡಾಡಿದ. ಬಾವುಟಕ್ಕೆ ಅವಮಾನ ಅಂತ 6 ತಿಂಗಳ ಸಜೆಯಾಯಿತು. ಹಳ್ಳಿಗಳ ಮೇಲೆ ನೇಪಾಮ್ ಸುರಿದಾಗ ಆಗದ ಅವಮಾನ ಒಂದು ತೇಪೆಯಿಂದ ಆಯಿತಂತೆ! 1974ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟು, ಕಾನೂನಿನ ಮಾತೇ ಅಸ್ಪಷ್ಟ ಅಂತ ಹೇಳಿ ಆ ಶಿಕ್ಷೆಯನ್ನು ತಳ್ಳಿಹಾಕಿತು.

ಸರ್ಕಾರದಿಂದ ಆಗದ್ದನ್ನ ಮಾರುಕಟ್ಟೆ ಮಾಡಿತು. ಅದೇ ಹೊತ್ತಿಗೆ ಲೆವಿ ಸ್ಟ್ರಾಸ್ ಕಂಪನಿ ಡೆನಿಮ್ ಕಲಾಸ್ಪರ್ಧೆ ನಡೆಸಿತು. ಗೆದ್ದ ಬಟ್ಟೆಗಳು ಮ್ಯೂಸಿಯಂ ಸೇರಿದವು. ಯಂತ್ರದಲ್ಲಿ ಹೊಲಿದ, ಇಸ್ತ್ರಿ ಒತ್ತಿದರೆ ಅಂಟುವ ತೇಪೆಗಳು ಅಂಗಡಿಗೆ ಬಂದವು. ಪ್ರತಿಭಟನೆಗೂ ಬೆಲೆಚೀಟಿ ಬಿತ್ತು.

ಈ ಕತೆ ನಮ್ಮ ನೆಲವನ್ನೂ ಮುಟ್ಟಿದೆ. 1970ರ ದಶಕದಲ್ಲಿ ಗೋವಾದ ಅಂಜುನಾದಲ್ಲಿ ಹಿಪ್ಪಿಗಳು ಶುರುಮಾಡಿದ ಸಂತೆಯಲ್ಲಿ, ನಮ್ಮ ತಾಂಡಾಗಳಿಂದ ಹೋದ ಲಂಬಾಣಿ ಹೆಂಗಸರು ಕನ್ನಡಿ ಕೂರಿಸಿದ ಕಸೂತಿ ಬಟ್ಟೆ ಮಾರಿದರು. ತುಂಡುಬಟ್ಟೆ ಜೋಡಿಸಿ ಹೊಲಿಯೋದು ಅವರಿಗೆ ಹಿಂದಿನಿಂದ ಬಂದ ವಿದ್ಯೆ. 2010ರಲ್ಲಿ ಸಂಡೂರಿನ ಲಂಬಾಣಿ ಕಸೂತಿಗೆ ಭೌಗೋಳಿಕ ಗುರುತು ಸಿಕ್ಕಿತು. ಊರಿನ ಹೆಸರು ಉಳಿಯಿತು. ಸೂಜಿ ಹಿಡಿದವಳ ಹೆಸರು?

ಗೆಳೆಯರೇ, ಚೆಂದದ ತೇಪೆ ಕಂಡರೆ ಮೆಚ್ಚೋಣ. ಜೊತೆಗೇ ಕೇಳೋಣ: ಹೊಲಿದವರು ಯಾರು? ಕೂಲಿ ಎಷ್ಟು? ಲಾಭ ಯಾರ ಜೇಬಿಗೆ?