ಹಡಗಿನ ಗಡುವು, ಊರಿನ ದಾರಿ: ಚಿವಿತಾವೆಕಿಯ, ಪಿರೇಯಸ್, ಪಣಂಬೂರು

ವಿಹಾರ ಹಡಗು ಒಂದು ಹಗಲಿನ ಮಟ್ಟಿಗೆ ತಂಗುವ ಬಂದರಿನಿಂದ ಊರಿನ ನಡುಭಾಗಕ್ಕೆ ಪ್ರಯಾಣಿಕರು ಯಾರ ಹಂಗೂ ಇಲ್ಲದೆ ಹೋಗಿಬರುವುದು ಕೆಲವೆಡೆ ಸಲೀಸು, ಕೆಲವೆಡೆ ದುಸ್ತರ. ಇದಕ್ಕೆ ಥಟ್ಟನೆ ಸಿಗುವ ಉತ್ತರ ದೂರ. ಬಂದರು ಊರಿಗೆ ಹತ್ತಿರವಿದ್ದರೆ ಜನ ತಾವೇ ಹೋಗುತ್ತಾರೆ, ದೂರವಿದ್ದರೆ ಹಡಗಿನ ಕಂಪನಿ ಏರ್ಪಡಿಸಿದ ಬಸ್ಸು ಹತ್ತುತ್ತಾರೆ ಎಂಬುದು ಅದರ ತಾತ್ಪರ್ಯ. ಮೂರು ಬಂದರುಗಳನ್ನು ಪಕ್ಕಪಕ್ಕದಲ್ಲಿ ಇಟ್ಟರೆ ಈ ಉತ್ತರ ನಿಲ್ಲುವುದಿಲ್ಲ. ಪಿರೇಯಸ್‌ನಿಂದ ಅಥೆನ್ಸಿನ ನಡುಭಾಗ ಸುಮಾರು 10 ಕಿ.ಮೀ. ಪಣಂಬೂರಿನ ನವಮಂಗಳೂರು ಬಂದರಿನಿಂದ ಮಂಗಳೂರಿನ ನಡುಭಾಗದ ಹಂಪನಕಟ್ಟೆಯೂ ಹೆಚ್ಚುಕಡಿಮೆ ಅಷ್ಟೇ. ಪಿರೇಯಸ್‌ನಲ್ಲಿ ಹಡಗಿನಿಂದ ಇಳಿದವರು ಮೆಟ್ರೊ ಹತ್ತುವುದು ಮಾಮೂಲು, ಪಣಂಬೂರಿನಲ್ಲಿ ಸಿಟಿ ಬಸ್ಸು ಹತ್ತುವ ವಿದೇಶಿ ಪ್ರಯಾಣಿಕರು ಅಪರೂಪ. ರೋಮಿನ ಬಂದರೆನಿಸಿದ ಚಿವಿತಾವೆಕಿಯವಂತೂ ರೋಮಿನಿಂದ 70 ಕಿ.ಮೀ.ಗೂ ಆಚೆ ಇದೆ. ಆದರೂ ಅಲ್ಲಿಂದ ರೈಲಿನಲ್ಲಿ ಹೋಗಿ, ರೋಮ್ ನೋಡಿಕೊಂಡು, ಸಂಜೆಗೆ ಹಡಗು ಸೇರುವವರಿಗೆ ಕೊರತೆಯಿಲ್ಲ.

ಈ ವಿಷಯದ ಹಿಂದಿನ ಅಧ್ಯಯನಗಳನ್ನು ಚುಟುಕಾಗಿ ನೋಡಬಹುದು. ಬ್ರಿಟಿಷ್ ಬಂದರುಗಳನ್ನು ಕುರಿತ ಜೇಮ್ಸ್ ಬರ್ಡ್ ಅವರ 1963ರ ಕೃತಿ, ಬಂದರು ಹಂತಹಂತವಾಗಿ ಹುಟ್ಟೂರಿನ ದಡ ಬಿಟ್ಟು ಆಳವಾದ ನೀರಿನತ್ತ ಸರಿಯುವ ಬಗೆಯನ್ನು ಗುರುತಿಸಿತು. ಬ್ರಯನ್ ಹಾಯ್ಲ್ 1989ರಲ್ಲಿ ಅದನ್ನು ಬಂದರು ಮತ್ತು ಊರು ಪರಸ್ಪರ ಬೇರ್ಪಡುವ ಮಾದರಿಯಾಗಿ ಬೆಳೆಸಿದರು. ವಿಹಾರ ಹಡಗುಗಳ ಮಟ್ಟಿಗೆ ರಾಬರ್ಟ್ ವುಡ್ (2000) ಮತ್ತು ಆಡಮ್ ವೀವರ್ (2005) ಅವರ ಬರಹಗಳು ಪ್ರಸಿದ್ಧ. ಹಡಗೇ ಗಮ್ಯಸ್ಥಾನವಾಗಿಬಿಟ್ಟಾಗ ಬಂದರು ನೆಪಮಾತ್ರ ಆಗುತ್ತದೆ ಎಂಬ ನೋಟವನ್ನು ಅವು ರೂಢಿಗೆ ತಂದವು. ದೆ ಕಾಂತಿಸ್ ಮತ್ತು ಸಂಗಡಿಗರು 2016ರಲ್ಲಿ ಪಲೆರ್ಮೊದಲ್ಲಿ ಇಳಿದವರ ಕೈಗೆ ಜಿಪಿಎಸ್ ಕೊಟ್ಟು ಅವರು ಊರಲ್ಲಿ ಎಲ್ಲೆಲ್ಲಿ ಓಡಾಡಿದರೆಂದು ದಾಖಲಿಸಿದರು. ಅದು ಅಚ್ಚುಕಟ್ಟಾದ ಕೆಲಸ. ಆದರೆ ಪಲೆರ್ಮೊದಲ್ಲಿ ಹಡಗುಕಟ್ಟೆಯಿಂದ ನಡೆದೇ ಪೇಟೆ ಸೇರಬಹುದು. ನಡೆದು ಹೋಗಲಾಗದ ಬಂದರಿನ ಪ್ರಶ್ನೆ ಅಲ್ಲಿ ಏಳುವುದೇ ಇಲ್ಲ.

ಹಾಯ್ಲ್ ಮಾದರಿಯ ವಿಚಾರವನ್ನು ಮೊದಲು ಮುಗಿಸೋಣ. ಅದು ಪಣಂಬೂರಿಗೆ ಚೆನ್ನಾಗಿಯೇ ಹೊಂದುತ್ತದೆ. ನೇತ್ರಾವತಿ ಮತ್ತು ಫಲ್ಗುಣಿ ನದಿಗಳು ಕಡಲು ಸೇರುವಲ್ಲಿದ್ದ ಹಳೆ ಬಂದರು ಪೇಟೆಗೆ ಅಂಟಿಕೊಂಡೇ ಇತ್ತು. ದೊಡ್ಡ ಹಡಗುಗಳಿಗೆ ಅಲ್ಲಿ ಆಳ ಸಾಲದೆ, ಉತ್ತರದ ಪಣಂಬೂರಿನಲ್ಲಿ ನೆಲ ಅಗೆದು ಹೊಸ ಬಂದರು ಕಟ್ಟಿದರು. 1974ರಲ್ಲಿ ಅದು ದೇಶದ ಪ್ರಮುಖ ಬಂದರುಗಳ ಪಟ್ಟಿಗೆ ಸೇರಿತು. ಚಿವಿತಾವೆಕಿಯ ಮಾತ್ರ ಈ ಮಾದರಿಗೆ ಬಗ್ಗದು. ಅದು ರೋಮಿನಿಂದ ಸರಿದುಹೋದ ಬಂದರೇ ಅಲ್ಲ, ಚಕ್ರವರ್ತಿ ಟ್ರಾಜನ್ ಕ್ರಿ.ಶ. 2ನೇ ಶತಮಾನದ ಆರಂಭದಲ್ಲಿ ಅಷ್ಟು ದೂರದಲ್ಲೇ ಕಟ್ಟಿಸಿದ್ದು. ಬಂಡೆಗಳನ್ನು ಸುರಿದು ಬಂದರಿನ ಬಾಯಿಗೆ ಅಡ್ಡಲಾಗಿ ದ್ವೀಪವೊಂದು ಎದ್ದು ಬರುತ್ತಿದ್ದುದನ್ನು ಕಿರಿಯ ಪ್ಲಿನಿ ಕಣ್ಣಾರೆ ಕಂಡು ಪತ್ರದಲ್ಲಿ ಬಣ್ಣಿಸಿದ್ದಾನೆ. ಚಕ್ರವರ್ತಿಯ ಜೊತೆ ನ್ಯಾಯವಿಚಾರಣೆಗೆ ಕೂರಲು ಅಲ್ಲಿಗೆ ಹೋಗಿದ್ದವನು ಅವನು. 1859ರಲ್ಲಿ ಪೋಪರ ಆಡಳಿತದಲ್ಲೇ ರೋಮ್–ಚಿವಿತಾವೆಕಿಯ ರೈಲು ಓಡಿತು. ಅಂದರೆ ಬೇರ್ಪಡುವಿಕೆಯ ಕಥೆ ಒಂದು ಬಂದರಿನದು ಸರಿ, ಇನ್ನೊಂದರದು ಅಲ್ಲ. ಪ್ರಯಾಣಿಕರ ಇಂದಿನ ನಡವಳಿಕೆಗೆ ಅದನ್ನೇ ಕಾರಣವೆಂದು ಹಿಡಿಯುವಂತಿಲ್ಲ.

ನಿಜವಾದ ವಿವಾದ ಇರುವುದು ಬೇರೆ ಕಡೆ. ಕೆನಡಾದ ಸಮಾಜವಿಜ್ಞಾನಿ ರಾಸ್ ಕ್ಲೈನ್ ‘ಕ್ರೂಸ್ ಶಿಪ್ ಬ್ಲೂಸ್’ (2002), ‘ಕ್ರೂಸ್ ಶಿಪ್ ಸ್ಕ್ವೀಜ್’ (2005) ಕೃತಿಗಳಲ್ಲಿ ವಿಹಾರ ಹಡಗು ಉದ್ಯಮದ ಆರ್ಥಿಕತೆಯನ್ನು ಬಿಚ್ಚಿಟ್ಟರು. ಟಿಕೆಟ್ಟನ್ನು ಅಗ್ಗ ಮಾಡಿ, ಹತ್ತಿದ ಮೇಲೆ ಮಾರುವ ಸರಕುಗಳಲ್ಲಿ ಲಾಭ ಎತ್ತುವುದು ಅದರ ಪರಿ. ತೀರಪ್ರವಾಸ ಅಂಥ ಸರಕುಗಳಲ್ಲೊಂದು. ಇಲ್ಲಿಯವರೆಗೆ ತಕರಾರಿಲ್ಲ. ಇದರಿಂದ ಸುಲಭವಾಗಿ ಹುಟ್ಟುವ ಇನ್ನೊಂದು ತೀರ್ಮಾನವಿದೆ. ಅಪರಿಚಿತ ಊರಿನ ಬಗ್ಗೆ ಹಡಗಿನಲ್ಲೇ ಅಳುಕು ಹುಟ್ಟಿಸುತ್ತಾರೆ, ಆ ಅಳುಕಿಗೆ ಪ್ರಯಾಣಿಕರು ಹಣ ತೆರುತ್ತಾರೆ ಎನ್ನುವುದು ಅದು. ಇದನ್ನು ನಾನು ಒಪ್ಪಲಾರೆ.

ಕಾರಣ, ಚಿವಿತಾವೆಕಿಯದಲ್ಲಿ ಹಲವು ಕಂಪನಿಗಳು ಮಾರುವ ಒಂದು ವಿಚಿತ್ರ ಸರಕು. ಗೈಡಿಲ್ಲ, ಊಟವಿಲ್ಲ, ಪ್ರವೇಶದ ಟಿಕೆಟ್ಟಿಲ್ಲ. ಬಸ್ಸು ಹಡಗಿನ ಬಳಿ ಹತ್ತಿಸಿಕೊಂಡು ರೋಮಿನ ಒಂದು ಜಾಗದಲ್ಲಿ ಇಳಿಸುತ್ತದೆ, ಮಧ್ಯಾಹ್ನದ ಮೇಲೆ ಅಲ್ಲಿಂದಲೇ ಮರಳಿ ಕರೆತರುತ್ತದೆ. ನಡುವೆ ಪ್ರಯಾಣಿಕರು ತಮ್ಮ ಪಾಡಿಗೆ ಊರಲ್ಲಿ ಅಲೆಯುತ್ತಾರೆ. ಬೆಲೆ ಪ್ರಾದೇಶಿಕ ರೈಲಿನ ಟಿಕೆಟ್ಟಿನ ಎಷ್ಟೋ ಪಟ್ಟು. ಅಳುಕೇ ಮಾರಾಟವಾಗುತ್ತಿದ್ದರೆ ಈ ಸರಕನ್ನು ಯಾರೂ ಕೊಳ್ಳಬಾರದಿತ್ತು. ಜೇಬುಗಳ್ಳರೂ ಭಾಷೆ ತಿಳಿಯದ ಜನಜಂಗುಳಿಯೂ ಇರುವ ರೋಮಿನಲ್ಲೇ ಅದು ಅವರನ್ನು ಹಗಲೆಲ್ಲ ಒಂಟಿಯಾಗಿ ಬಿಡುತ್ತದಲ್ಲ! ಕೊಳ್ಳುವವರಿಗೆ ಇರುವ ಭಯ ರೋಮಿನದಲ್ಲ, ಹಡಗು ಹೊರಡುವ ಸಂಜೆ 7 ಗಂಟೆಯದು. ಕಂಪನಿಯ ಬಸ್ಸು ತಡವಾದರೆ ಹಡಗು ಕಾಯುತ್ತದೆ, ಇಲ್ಲವೇ ಮುಂದಿನ ಬಂದರಿಗೆ ಮುಟ್ಟಿಸುವ ಹೊಣೆ ಕಂಪನಿಯದು. ರೈಲಿನಲ್ಲಿ ಹೋದವರು ತಡಮಾಡಿದರೆ ಹಡಗು ಹೊರಟುಹೋಗುತ್ತದೆ. ಮುಂದಿನ ಬಂದರು ಸೇರುವ ಪಾಡೂ ಖರ್ಚೂ ಅವರವು. ರೈಲಿನ ದರಕ್ಕೂ ಬಸ್ಸಿನ ದರಕ್ಕೂ ನಡುವಿನ ಅಂತರ, ನನ್ನ ದೃಷ್ಟಿಯಲ್ಲಿ, ವಾಪಸಾತಿಯ ಖಾತರಿಗೆ ಕಟ್ಟುವ ವಿಮಾಕಂತು.

ಈ ಮಾತಿಗೆ ಮಿತಿಗಳನ್ನು ಹಾಕಲೇಬೇಕು. ಬೆಲೆಯ ಆ ಅಂತರವೆಲ್ಲ ಖಾತರಿಗೇ ಸಲ್ಲುತ್ತದೆ ಎನ್ನುತ್ತಿಲ್ಲ. ಹಡಗಿನ ಪಕ್ಕದಲ್ಲೇ ಹತ್ತಿ ಕೂರುವ ಸುಖ, ಗಾಲಿಕುರ್ಚಿಯವರ ಅಗತ್ಯ, ವಯಸ್ಸು, ಬಿಸಿಲು ಇವೂ ಅದರಲ್ಲಿ ಸೇರಿವೆ, ಅವನ್ನು ಬಿಡಿಸಿ ತೂಗುವುದು ಸುಲಭವಲ್ಲ. ಗೈಡ್ ಸಹಿತ ಪ್ರವಾಸ ಕೊಳ್ಳುವವರ ವಿಷಯದಲ್ಲಿ ಅಳುಕಿನ ವಾದವೇ ಸರಿಯಿರಬಹುದು. ನನ್ನ ವಾದ ಸಲ್ಲುವುದು ಬರೀ ಸಾಗಣೆಯನ್ನು ಕೊಳ್ಳುವವರಿಗೆ. ಇಷ್ಟು ಕಿರಿದುಗೊಳಿಸಿದರೂ ಅದರ ಕೆಲಸ ಕೆಡುವುದಿಲ್ಲ. ಸ್ವಂತವಾಗಿ ಹೋಗಬಲ್ಲವರು, ಹೋಗಬಯಸುವವರು ಹಿಂಜರಿಯುವುದು ಏಕೆ ಎನ್ನುವುದೇ ನಮ್ಮ ಪ್ರಶ್ನೆ.

ಚಿವಿತಾವೆಕಿಯದ ಒಂದು ದಿನವನ್ನು ಬಿಡಿಸಿ ನೋಡಿದರೆ ಇದು ಸ್ಪಷ್ಟವಾಗುತ್ತದೆ. ಹಡಗು ಬೆಳಿಗ್ಗೆ 7ಕ್ಕೆ ಬಂದು ಸಂಜೆ 7ಕ್ಕೆ ಹೊರಡುತ್ತದೆ ಎಂದಿಟ್ಟುಕೊಳ್ಳಿ. ಎಲ್ಲರೂ ಅರ್ಧ ಗಂಟೆಯಿಂದ ಒಂದು ಗಂಟೆ ಮೊದಲೇ ಒಳಗಿರಬೇಕು. ದೊಡ್ಡ ಹಡಗುಗಳು ನಿಲ್ಲುವುದು ಹಳೆಯ ಊರಿನೆದುರಿಗಲ್ಲ, ಆಚೆ ಕಡಲಿಗೆ ಚಾಚಿದ ಅಲೆತಡೆಯ ಬದಿಯಲ್ಲಿ. ಅಲ್ಲಿಂದ ಬಂದರಿನ ಬಸ್ಸು ಪ್ರಯಾಣಿಕರನ್ನು ಹೊರಕ್ಕೆ ತರುತ್ತದೆ. ಮೊದಲು ಅದು ಮೈಕೆಲೆಂಜೆಲೊ ಹೆಸರಿನ ಕೋಟೆಯ ಪಕ್ಕದ ಗೇಟಿಗೆ ಬಿಡುತ್ತಿತ್ತು, ಅಲ್ಲಿಂದ ಕಡಲಬದಿಯಲ್ಲಿ ಸ್ವಲ್ಪ ನಡೆದರೆ ರೈಲುನಿಲ್ದಾಣ. ಈಗ ಬಿಡುವುದು ಉತ್ತರದ ಲಾರ್ಗೊ ದೆಲ್ಲಾ ಪಾಚೆಗೆ, ನಿಲ್ದಾಣಕ್ಕೆ ಇನ್ನೊಂದು ಬಸ್ಸು ಹಿಡಿಯಬೇಕು. ಅಲ್ಲಿಂದ ಮುಂದೆ ಎಫ್‌ಎಲ್5 ಮಾರ್ಗದ ರೈಲು ಸ್ಯಾನ್ ಪಿಯೆತ್ರೊ, ತ್ರಾಸ್ತೆವೆರೆ, ಓಸ್ತಿಯೆನ್ಸೆ ಹಾದು ತೆರ್ಮಿನಿ ಸೇರಲು ಒಂದೂಕಾಲು ಗಂಟೆಯ ಆಸುಪಾಸು. ವ್ಯಾಟಿಕನ್ನಿಗೆ ಹೋಗುವವರು ಸ್ಯಾನ್ ಪಿಯೆತ್ರೊದಲ್ಲೇ ಇಳಿದರೆ ಇನ್ನೂ ಬೇಗ. ಗಮನಿಸಬೇಕಾದ್ದು ಇದು: 70 ಕಿ.ಮೀ.ಯ ಪಾಲಿಗೆ ವೇಳಾಪಟ್ಟಿ ಇದೆ, ಮೊದಲ ಎರಡು ಮೂರು ಕಿ.ಮೀ.ಗೆ ಇಲ್ಲ. ಅನಿಶ್ಚಯವೆಲ್ಲ ತುಂಬಿಕೊಂಡಿರುವುದು ಅಲ್ಲೇ. ಹೋಗುವಾಗ ಅದರಿಂದ ಹೆಚ್ಚು ನಷ್ಟವಿಲ್ಲ, ಒಂದು ರೈಲು ತಪ್ಪಿದರೆ ಮುಂದಿನದಕ್ಕೆ ಕಾದರಾಯಿತು. ಬರುವಾಗ ಅದೇ ಅರ್ಧ ಗಂಟೆಯ ತೂಕ ಬೇರೆ.

ಇದಕ್ಕೆ ಇನ್ನೊಂದು ಪುರಾವೆ ಸಿಗುವುದು ಇಟಲಿಯ ಮುಷ್ಕರದ ಕಾನೂನಿನಲ್ಲಿ. ಈ ವಿಷಯದ ಚರ್ಚೆಯಲ್ಲಿ ಅದಕ್ಕೆ ಸಲ್ಲಬೇಕಾದ ಜಾಗ ಸಿಕ್ಕಿಲ್ಲವೆಂದು ನನ್ನ ಭಾವನೆ. 1990ರ 146ನೇ ಕಾನೂನಿನ ಪ್ರಕಾರ ಅತ್ಯಗತ್ಯ ಸೇವೆಗಳಲ್ಲಿ ಮುಷ್ಕರ ಹೂಡುವವರು ಕನಿಷ್ಠ 10 ದಿನ ಮೊದಲೇ ಸೂಚನೆ ಕೊಡಬೇಕು, ಕನಿಷ್ಠ ಸೇವೆಯನ್ನು ಉಳಿಸಿಕೊಳ್ಳಬೇಕು. ಪ್ರಾದೇಶಿಕ ರೈಲುಗಳ ಮಟ್ಟಿಗೆ ಹೀಗೆ ಖಾತರಿಯಾಗಿರುವ ಅವಧಿ ಕೆಲಸದ ದಿನಗಳಲ್ಲಿ ಬೆಳಿಗ್ಗೆ 6ರಿಂದ 9, ಸಂಜೆ 6ರಿಂದ 9. ಕಚೇರಿಗೆ ಹೋಗಿಬರುವವರನ್ನು ನೆನೆದು ಮಾಡಿದ ವ್ಯವಸ್ಥೆ ಅದು. ಹಡಗಿನ ಪ್ರಯಾಣಿಕರಿಗೆ ಇದರ ಅರ್ಧ ಮಾತ್ರ ಒದಗುತ್ತದೆ. ಬೆಳಿಗ್ಗೆ ಅವರು ರೋಮಿನ ನೌಕರರ ಜೊತೆಯಲ್ಲೇ ಊರಿಗೆ ಹೋಗುತ್ತಾರೆ, ಆದರೆ ವಾಪಸು ಹೊರಡಬೇಕಾದ್ದು 3ರಿಂದ 4ರ ಸುಮಾರಿಗೆ. ಸಂಜೆ 6ರ ಖಾತರಿ ರೈಲು ಚಿವಿತಾವೆಕಿಯ ಮುಟ್ಟುವಾಗ ಹಡಗು ಹಗ್ಗ ಬಿಚ್ಚಿರುತ್ತದೆ. ದೂರವೂ ಅದೇ, ದರವೂ ಅದೇ, ರೈಲೂ ಅದೇ. ಹೋಗುವುದಕ್ಕೆ ಕಾನೂನಿನ ರಕ್ಷಣೆಯಿದೆ, ಬರುವುದಕ್ಕಿಲ್ಲ. ಮುಷ್ಕರ ವರ್ಷದ ಕೆಲವೇ ದಿನಗಳ ಮಾತು ಎಂದು ಆಕ್ಷೇಪಿಸಬಹುದು. ಸರಿ. ಆದರೆ ಬಸ್ಸು ಕೊಳ್ಳಬೇಕೋ ಬೇಡವೋ ಎಂಬ ತೀರ್ಮಾನ ಎಷ್ಟೋ ಸಲ ಪ್ರಯಾಣ ಶುರುವಾಗುವ ಮುಂಚೆ, ಮುಷ್ಕರದ ಸೂಚನೆ ಹೊರಬೀಳುವ ಮೊದಲೇ ಆಗಿಹೋಗಿರುತ್ತದೆ.

ಪಿರೇಯಸ್ ಬಗ್ಗೆ ಎರಡು ಮಾತು ಸಾಕು. ಅಥೆನ್ಸಿಗೆ ಅಲ್ಲಿಂದ ಆವಿಯ ರೈಲು ಓಡಿದ್ದು 1869ರಲ್ಲಿ, ಇಂದಿನ ಮೆಟ್ರೊದ 1ನೇ ಮಾರ್ಗ ಅದರ ಮುಂದುವರಿಕೆ. 2022ರ ಅಕ್ಟೋಬರಿನಲ್ಲಿ 3ನೇ ಮಾರ್ಗವೂ ಪಿರೇಯಸ್ ಮುಟ್ಟಿತು. ಒಂದು ಕೆಟ್ಟರೆ ಇನ್ನೊಂದಿದೆ, ಎರಡೂ ತಪ್ಪಿದರೆ ಟ್ಯಾಕ್ಸಿಗೆ 10 ಕಿ.ಮೀ. ದೊಡ್ಡ ಮಾತಲ್ಲ. ಅಲ್ಲಿ ವಾಪಸಾತಿಗೆ ವಿಮೆ ಕೊಳ್ಳುವ ಅಗತ್ಯವೇ ಕಡಿಮೆ.

ಹೀಗಿರುವಾಗ ನನ್ನ ವಾದಕ್ಕೆ ದೊಡ್ಡ ತೊಡಕು ಪಣಂಬೂರು. ಗೇಟಿನ ಹೊರಗೇ ರಾಷ್ಟ್ರೀಯ ಹೆದ್ದಾರಿ 66. ಸುರತ್ಕಲ್ ಕಡೆಯಿಂದ ಕೂಳೂರು, ಕೊಟ್ಟಾರಚೌಕಿ ಹಾದು ಸ್ಟೇಟ್‌ಬ್ಯಾಂಕ್ ನಿಲ್ದಾಣಕ್ಕೆ ಹೋಗುವ ಖಾಸಗಿ ಸಿಟಿ ಬಸ್ಸುಗಳು ಒಂದರ ಹಿಂದೊಂದು ಬರುತ್ತಲೇ ಇರುತ್ತವೆ. ಒಂದು ತಪ್ಪಿದರೆ ಮುಂದಿನದು ಕೆಲವೇ ನಿಮಿಷದಲ್ಲಿ. ಚಿವಿತಾವೆಕಿಯದ ರೈಲಿಗಿಂತ ಇದು ಎಷ್ಟೋ ಮೇಲು. ವಾಪಸಾತಿಯ ಭಯವೇ ಕಾರಣವಾದರೆ ಇಲ್ಲಿ ಪ್ರಯಾಣಿಕರು ಬಸ್ಸು ಹತ್ತಬೇಕಿತ್ತು. ಹತ್ತುವುದಿಲ್ಲ.

ಬಂದರಿನ ಭದ್ರತೆ ಇದರ ಒಂದು ಕಾರಣ. ಹಡಗು ಮತ್ತು ಬಂದರುಗಳ ಭದ್ರತೆಯ ಅಂತರರಾಷ್ಟ್ರೀಯ ಸಂಹಿತೆ 2004ರ ಜುಲೈ 1ರಿಂದ ಜಾರಿಗೆ ಬಂದ ಮೇಲೆ, ಕಲ್ಲಿದ್ದಲು, ಅದಿರು, ತೈಲ ಇಳಿಸುವ ಬಂದರಿನೊಳಗೆ ಯಾರೂ ಬೇಕಾದಂತೆ ನಡೆದಾಡುವ ಹಾಗಿಲ್ಲ. ಇಲ್ಲಿ ಸಿಐಎಸ್ಎಫ್ ಕಾವಲಿದೆ. ಹಡಗುಕಟ್ಟೆಯಲ್ಲಿ ಯಕ್ಷಗಾನದ ವೇಷ, ಚೆಂಡೆಯ ಸದ್ದಿನ ಸ್ವಾಗತವೇನೋ ಸಿಗುತ್ತದೆ, ಹೆದ್ದಾರಿಯ ಬಸ್‌ಸ್ಟಾಪಿನ ಗುರುತು ಹೇಳುವವರು ಸಿಗುವುದಿಲ್ಲ. ಆದರೆ ಗೇಟನ್ನು ಮಾತ್ರ ದೂರಿದರೆ ಸಾಲದು, ಗೇಟು ಚಿವಿತಾವೆಕಿಯದಲ್ಲೂ ಇದೆ. ವ್ಯತ್ಯಾಸ ಇರುವುದು ಖಾತರಿ ಕಣ್ಣಿಗೆ ಕಾಣುತ್ತದೋ ಇಲ್ಲವೋ ಎಂಬುದರಲ್ಲಿ. ರೈಲಿನ ವೇಳೆಯನ್ನು ನಡುಗಡಲಲ್ಲಿ ಕೂತೂ ಓದಿಕೊಳ್ಳಬಹುದು. ಸಿಟಿ ಬಸ್ಸಿನ ಭರವಸೆ ಮಂಗಳೂರಿಗರಿಗೆ ಮಾತ್ರ ಗೊತ್ತು; ಅದು ಕಂಡಕ್ಟರನ ಕೂಗಿನಲ್ಲಿದೆ, ಕನ್ನಡದ ಬೋರ್ಡಿನಲ್ಲಿದೆ, ಅಭ್ಯಾಸದಲ್ಲಿದೆ. ಆದ್ದರಿಂದ ಮೊದಲಿನ ವಾದವನ್ನು ತುಸು ತಿದ್ದಬೇಕು: ವಾಪಸಾತಿ ನಿಶ್ಚಿತವಾಗಿದ್ದರೆ ಸಾಲದು, ಅದು ನಿಶ್ಚಿತವೆಂದು ಹಡಗಿನಲ್ಲಿರುವಾಗಲೇ ತಿಳಿದಿರಬೇಕು.

ಬಸ್ಸು ಬಿಟ್ಟವರು ಏನು ಮಾಡುತ್ತಾರೆ ಎನ್ನುವುದೂ ಇದನ್ನೇ ಹೇಳುತ್ತದೆ. ದಿನದ ಬಾಡಿಗೆಗೆ ಕಾರು ಮಾಡುತ್ತಾರೆ. ಕದ್ರಿ, ಕುದ್ರೋಳಿ, ಸಂತ ಅಲೋಶಿಯಸ್ ಚಾಪೆಲಿನ ಗೋಡೆಯ ಮೇಲೆ ಮೊಸ್ಕೇನಿ ಬರೆದ ಚಿತ್ರಗಳು, ಆಮೇಲೆ ಮಾರ್ಕೆಟ್ಟು; ಹುರುಪಿದ್ದರೆ ಮೂಡುಬಿದಿರೆಯ ಸಾವಿರ ಕಂಬದ ಬಸದಿ, ಕಾರ್ಕಳದ ಗೊಮ್ಮಟ. ಎಲ್ಲಿ ಇಳಿದರೂ ಡ್ರೈವರು ಕಾರಿನ ಬಳಿ ಕಾಯುತ್ತಾನೆ. ಬಾಡಿಗೆಯ ಬಾಕಿ ಕೈಗೆ ಬರುವುದು ಹಡಗಿನ ಗೇಟಿಗೆ ಮರಳಿಸಿದ ಮೇಲೆ. ಪ್ರಯಾಣಿಕರು ಸಮಯಕ್ಕೆ ತಲುಪುವುದರಲ್ಲಿ ಅವನ ದುಡಿಮೆಯೂ ಸೇರಿಕೊಂಡಿದೆ. ರೋಮಿನಲ್ಲಿ ಕಂಪನಿಯ ಬಸ್ಸು ಮಾರುವ ಖಾತರಿಯನ್ನು ಇಲ್ಲಿ ಒಬ್ಬ ಮನುಷ್ಯ ಕೊಡುತ್ತಾನೆ. ಕೂಳೂರು ಸೇತುವೆಯ ಬಳಿ ವಾಹನ ಸಾಲುಗಟ್ಟಿದರೆ ಕಾರೂ ಬಸ್ಸಿನಷ್ಟೇ ತಡವಾಗುತ್ತದೆ ಎನ್ನುವುದು ನಿಜ. ಆದರೆ ಯಾವಾಗ ಹೊರಡಬೇಕೆಂದು ಬಲ್ಲವನು ಜೊತೆಗಿರುತ್ತಾನೆ.

ಮೂರು ಬಂದರುಗಳ ಹೋಲಿಕೆಯಿಂದ ನಿಯಮ ಸಿದ್ಧವಾಗದು. ಖಚಿತ ಪರೀಕ್ಷೆಯೊಂದು ಸಾಧ್ಯವಿದೆ: ಇಟಲಿಯಲ್ಲಿ ಮುಷ್ಕರದ ಸೂಚನೆ ಹೊರಬಿದ್ದ ವಾರ ಹಡಗಿನಲ್ಲಿ ಗೈಡಿಲ್ಲದ ಬಸ್ಸಿನ ಮಾರಾಟ ಏರುತ್ತದೆಯೇ, ಗೈಡ್ ಸಹಿತ ಪ್ರವಾಸದ್ದು ಇದ್ದಲ್ಲೇ ಇರುತ್ತದೆಯೇ? ಎರಡೂ ಸಮಸಮವಾಗಿ ಏರಿದರೆ ನನ್ನ ವಾದ ಸಡಿಲವಾಗುತ್ತದೆ. ಆ ಲೆಕ್ಕ ಕಂಪನಿಗಳ ಬಳಿಯಿದೆ. ಅದಕ್ಕಿಂತ ಕೈಗೆಟಕುವುದು ಹಡಗಿನ ಸಿಬ್ಬಂದಿಯ ಅಧ್ಯಯನ. ಕರಾವಳಿಯವರೂ ಗೋವೆಯವರೂ ಅವರಲ್ಲಿ ಬೇಕಾದಷ್ಟು ಜನ ಇದ್ದಾರೆ, ಮಾತಾಡಿಸುವುದು ಕಷ್ಟವಲ್ಲ. ಅವರಿಗೆ ತೀರಪ್ರವಾಸ ಮಾರುವವರಿಲ್ಲ, ಅವರ ಬಿಡುವು ಕೆಲವೇ ಗಂಟೆ, ಗಡುವು ಪ್ರಯಾಣಿಕರದಕ್ಕಿಂತ ಕಠಿಣ. ಆದರೆ ಅದೇ ಬಂದರಿಗೆ ಮತ್ತೆ ಮತ್ತೆ ಬರುವುದರಿಂದ ಬಸ್ಸಿನ ನಡೆ ಅವರಿಗೆ ತಿಳಿದಿರುತ್ತದೆ. ತಿಳಿವಳಿಕೆಯೇ ಇಲ್ಲಿ ನಿರ್ಣಾಯಕ ಎಂಬ ಊಹೆ ಸರಿಯಿದ್ದರೆ, ಪ್ರಯಾಣಿಕರು ಕಾರು ಹಿಡಿಯುವ ಬಂದರಿನಲ್ಲೇ ಸಿಬ್ಬಂದಿ ಬಸ್ಸು ಹತ್ತುತ್ತಿರಬೇಕು. ಅವರು ಹಾಗೆ ಮಾಡುತ್ತಾರೆಯೇ, ಎಷ್ಟನೆಯ ಭೇಟಿಯಿಂದ ಮಾಡತೊಡಗುತ್ತಾರೆ ಎಂಬುದನ್ನು ಅವರನ್ನೇ ಕೇಳಿ ತಿಳಿಯಬೇಕಿದೆ.