ಚಿತ್ತವಿಕಲತೆಯ ಆರಂಭ ಹಂತ: ಮಿದುಳಿನ ರಚನೆ

ಚಿತ್ತವಿಕಲತೆ, ಅಂದರೆ ಸೈಕೋಸಿಸ್, ಹೆಚ್ಚಾಗಿ ಹದಿಹರೆಯದ ಕೊನೆಯಲ್ಲೋ ಇಪ್ಪತ್ತರ ಹರೆಯದಲ್ಲೋ ತಲೆದೋರುತ್ತದೆ. ಯಾರೂ ಇಲ್ಲದೆಡೆ ದನಿ ಕೇಳಿಸುತ್ತದೆ, ತನ್ನನ್ನು ಯಾರೋ ಹಿಂಬಾಲಿಸುತ್ತಿದ್ದಾರೆಂಬ ನಂಬಿಕೆ ಬೇರೂರುತ್ತದೆ. ಈ ಹಂತದಲ್ಲೇ ಎಂಆರ್‌ಐ ಮಾಡಿದಾಗ, ರೋಗಿಗಳ ಗುಂಪಿನ ಸರಾಸರಿಯು ಆರೋಗ್ಯವಂತರದಕ್ಕಿಂತ ತುಸು ಬೇರೆಯಾಗಿರುತ್ತದೆ: ದ್ರವ ತುಂಬಿದ ಕುಹರಗಳು ಹಿಗ್ಗಿರುತ್ತವೆ, ನೆನಪಿಗೆ ಬೇಕಾದ ಹಿಪ್ಪೊಕ್ಯಾಂಪಸ್ ಚಿಕ್ಕದಾಗಿರುತ್ತದೆ, ಮುಂಭಾಗದ ಮತ್ತು ಕಿವಿಯ ಪಕ್ಕದ ಮಿದುಳ ತೊಗಟೆ ತೆಳ್ಳಗಿರುತ್ತದೆ.

ಕುಹರಗಳ ಕಥೆ ಹಳೆಯದು. 1927ರಲ್ಲೇ ಜರ್ಮನಿಯ ಯಾಕೋಬಿ ಮತ್ತು ವಿಂಕ್ಲರ್ ಕುಹರಗಳಿಗೆ ಗಾಳಿ ತುಂಬಿಸಿ ಎಕ್ಸ್‌ರೇ ತೆಗೆದು, ಚಿತ್ತವಿಕಲತೆಯ ಮುಖ್ಯ ರೂಪಗಳಲ್ಲೊಂದಾದ ಸ್ಕಿಜೋಫ್ರೇನಿಯಾದ ರೋಗಿಗಳಲ್ಲಿ ಅವು ಹಿಗ್ಗಿರುವುದನ್ನು ವರದಿ ಮಾಡಿದ್ದರು. ಅದು ನೋವಿನ ಪರೀಕ್ಷೆ. ಹೋಲಿಕೆಗೆಂದು ಆರೋಗ್ಯವಂತರ ಮೇಲೆ ಮಾಡುವಂಥದ್ದಲ್ಲ. ಸಿಟಿ ಸ್ಕ್ಯಾನ್ ಬಂದಮೇಲೆ, 1976ರಲ್ಲಿ, ಲಂಡನ್ನಿನ ನಾರ್ತ್‌ವಿಕ್ ಪಾರ್ಕ್ ಆಸ್ಪತ್ರೆಯ ಈವ್ ಜಾನ್‌ಸ್ಟನ್, ಟಿಮ್ ಕ್ರೋ ಮತ್ತು ಸಂಗಡಿಗರು 17 ರೋಗಿಗಳಲ್ಲಿ ಅದನ್ನೇ ಕಂಡರು. ಆದರೆ ಅವರೆಲ್ಲ ದೀರ್ಘಕಾಲದ ರೋಗಿಗಳು. ಹಿಗ್ಗಿದ್ದು ಕಾಯಿಲೆಯ ಮೊದಲೋ, ಆಮೇಲೋ?

ಉತ್ತರಕ್ಕಾಗಿ ಕಾಯಿಲೆ ಶುರುವಾಗುವ ಮುನ್ನವೇ ನೋಡಬೇಕಿತ್ತು. ಮೆಲ್ಬರ್ನ್‌ನಲ್ಲಿ ಕ್ರಿಸ್ಟೋಸ್ ಪ್ಯಾಂಟೆಲಿಸ್ ತಂಡ ಚಿತ್ತವಿಕಲತೆ ಬರುವ ಅಪಾಯ ಹೆಚ್ಚಿದ್ದ 75 ಮಂದಿಯ ಸ್ಕ್ಯಾನ್ ತೆಗೆದು ಕಾದಿತು. 23 ಮಂದಿಗೆ ಮುಂದೆ ಚಿತ್ತವಿಕಲತೆ ಬಂತು. ಅವರ ಮಿದುಳಿನ ಕೆಲವು ಭಾಗಗಳಲ್ಲಿ ಬೂದುದ್ರವ್ಯ, ಅಂದರೆ ನರಕೋಶಗಳು ತುಂಬಿರುವ ಅಂಗಾಂಶ, ಮೊದಲೇ ಕಡಿಮೆಯಿತ್ತು. ಅವರ ಪೈಕಿ ಮರುಸ್ಕ್ಯಾನ್ ಮಾಡಿಸಿಕೊಂಡವರಲ್ಲಿ ಅದು ಇನ್ನಷ್ಟು ಇಳಿದಿತ್ತು. 2003ರ ಈ ವರದಿಯೇ ಈ ಕ್ಷೇತ್ರದ ತಿರುವು ಎನ್ನಬಹುದು.

ಈ ಕುಗ್ಗುವಿಕೆಯಲ್ಲಿ ಚಿತ್ತವಿಕಲತೆಯ ಔಷಧದ ಪಾಲೆಷ್ಟು ಎಂಬುದು ಇಂದಿಗೂ ವಿವಾದ. 2011ರಲ್ಲಿ ಅಯೋವಾದ ಸಂಶೋಧಕರು 211 ರೋಗಿಗಳನ್ನು ವರ್ಷಗಟ್ಟಲೆ ಹಿಂಬಾಲಿಸಿ, ಔಷಧ ಹೆಚ್ಚು ಪಡೆದವರಲ್ಲಿ ಬೂದುದ್ರವ್ಯ ತುಸು ಹೆಚ್ಚು ಕುಗ್ಗಿದ್ದನ್ನು ತೋರಿಸಿದರು. ಇತ್ತ ಔಷಧವನ್ನೇ ಮುಟ್ಟದವರಲ್ಲೂ ವ್ಯತ್ಯಾಸಗಳುಂಟು. ಬೆಂಗಳೂರಿನ ನಿಮ್ಹಾನ್ಸ್ ಅಂಥವರ ಎಂಆರ್‌ಐ ಅಧ್ಯಯನಗಳನ್ನು ಬಹುಕಾಲದಿಂದ ನಡೆಸಿದೆ. ಕುಗ್ಗುವಿಕೆಗೆ ಹೆದರಿ ಔಷಧ ಬಿಡುವುದು ಸಲ್ಲ, ಕಾಯಿಲೆ ಮರುಕಳಿಸುವ ಅಪಾಯ ದೊಡ್ಡದು.

ವ್ಯತ್ಯಾಸಗಳ ಗಾತ್ರದ ಬಗ್ಗೆ ಎಚ್ಚರ ಬೇಕು. 2016ರಲ್ಲಿ ಪ್ರಕಟವಾದ ಎನಿಗ್ಮಾ ಎಂಬ ಸಂಶೋಧಕರ ಒಕ್ಕೂಟದ ವಿಶ್ಲೇಷಣೆ 2,028 ಸ್ಕಿಜೋಫ್ರೇನಿಯಾ ರೋಗಿಗಳನ್ನು 2,540 ಆರೋಗ್ಯವಂತರೊಂದಿಗೆ ಹೋಲಿಸಿತು. ಅಲ್ಲಿ ಎದ್ದುಕಂಡದ್ದು ಹಿಪ್ಪೊಕ್ಯಾಂಪಸ್‌ನ ವ್ಯತ್ಯಾಸ. ಆದರೆ ಅದರ ವಿಷಯದಲ್ಲೂ ಎರಡು ಗುಂಪುಗಳ ಅಳತೆಗಳು ಬಹುಪಾಲು ಒಂದರ ಮೇಲೊಂದು ಬೀಳುತ್ತವೆ. ಹಾಗಾಗಿ ಒಬ್ಬ ವ್ಯಕ್ತಿಯ ಸ್ಕ್ಯಾನ್ ನೋಡಿ ಚಿತ್ತವಿಕಲತೆಯಿದೆ ಎನ್ನಲಾಗದು. ಮೊದಲ ಬಾರಿ ಕಾಯಿಲೆ ಕಾಣಿಸಿಕೊಂಡವರಿಗೆ ವೈದ್ಯರು ಎಂಆರ್‌ಐ ಬರೆದರೆ, ಅದು ಗಡ್ಡೆ, ಮಿದುಳುರಿಯೂತದಂಥ ಬೇರೆ ಕಾರಣಗಳಿಲ್ಲವೆಂದು ಖಚಿತಪಡಿಸಿಕೊಳ್ಳಲು.