ಜಲ ಮಾಲಿನ್ಯ ಕಾಯ್ದೆ 1974: ಕೇಂದ್ರ ಶಾಸನವೊಂದರ ಮೂಲ ಹುಡುಕುವ ಬಗೆ

ಹರಿಹರದ ಎದುರು ದಡದಲ್ಲಿರುವ ಕುಮಾರಪಟ್ಟಣದಲ್ಲಿ ಹರಿಹರ ಪಾಲಿಫೈಬರ್ಸ್ ಕಾರ್ಖಾನೆ ಆರಂಭವಾದುದು 1972ರಲ್ಲಿ. ಜಲ (ಮಾಲಿನ್ಯ ನಿವಾರಣೆ ಮತ್ತು ನಿಯಂತ್ರಣ) ಕಾಯ್ದೆಗೆ ರಾಷ್ಟ್ರಪತಿಗಳ ಅಂಕಿತ ಬಿದ್ದುದು 1974ರ ಮಾರ್ಚ್ 23ರಂದು. ಕಾಯ್ದೆ ಬರುವ ಮೊದಲೇ ನದಿಗೆ ಹರಿಯುತ್ತಿದ್ದ ತ್ಯಾಜ್ಯ ನೀರಿಗೆ ಆ ಕಾನೂನು ಹೇಗೆ ಅನ್ವಯಿಸುತ್ತದೆ? 1980ರ ದಶಕದಲ್ಲಿ ಸಮಾಜ ಪರಿವರ್ತನ ಸಮುದಾಯ ತುಂಗಭದ್ರೆಯ ಮಾಲಿನ್ಯದ ವಿರುದ್ಧ ದನಿ ಎತ್ತಿದಾಗ ಈ ಬಗೆಯ ಪ್ರಶ್ನೆಗಳು ನದಿಪಾತ್ರದ ಹಳ್ಳಿಗಳವರೆಗೂ ಬಂದವು. ಉತ್ತರ ಕಾಯ್ದೆಯ 26ನೇ ಕಲಮಿನಲ್ಲಿದೆ: ಮೊದಲಿನಿಂದ ತ್ಯಾಜ್ಯ ಬಿಡುತ್ತಿರುವವರೂ ಮಂಡಳಿಯ ಸಮ್ಮತಿ ಪಡೆಯಬೇಕು. ಆದರೆ ಅಂಥ ಕಲಮನ್ನು ಏಕೆ ಸೇರಿಸಲಾಯಿತು ಎಂಬುದನ್ನು ತಿಳಿಯಲು ಕಾಯ್ದೆಯ ಪುಸ್ತಕ ಸಾಲದು, ಅದರ ಹಿಂದಿನ ಕಡತಗಳನ್ನು ತೆರೆಯಬೇಕಾಗುತ್ತದೆ.

ಮೊದಲು ನೋಡಬೇಕಾದುದು ಪೀಠಿಕೆ. ನೀರು ಸಂವಿಧಾನದ ಏಳನೇ ಅನುಸೂಚಿಯಲ್ಲಿ ರಾಜ್ಯಪಟ್ಟಿಗೆ ಸೇರಿದ ವಿಷಯ, ಸಂಸತ್ತು ತಾನಾಗಿ ಈ ಕಾನೂನು ಮಾಡುವಂತಿರಲಿಲ್ಲ. 252ನೇ ವಿಧಿಯ ಪ್ರಕಾರ ಎರಡು ಅಥವಾ ಹೆಚ್ಚು ರಾಜ್ಯಗಳ ಶಾಸನಸಭೆಗಳು ನಿರ್ಣಯ ಅಂಗೀಕರಿಸಿ ಕೇಳಿಕೊಂಡರೆ ಮಾತ್ರ ಸಂಸತ್ತಿಗೆ ಅಧಿಕಾರ ಬರುತ್ತದೆ. ಹಾಗೆ ಕೇಳಿಕೊಂಡ ಹನ್ನೆರಡು ರಾಜ್ಯಗಳಲ್ಲಿ ಕರ್ನಾಟಕವೂ ಒಂದು. ಇದಕ್ಕೆ ತೆತ್ತ ಬೆಲೆಯೂ ಇದೆ: ಹೀಗೆ ಬಂದ ಕಾನೂನನ್ನು ರಾಜ್ಯದ ಶಾಸನಸಭೆ ಮುಂದೆ ತಿದ್ದುವಂತಿಲ್ಲ, ಸಂಸತ್ತೇ ಅದೇ ಕ್ರಮದಲ್ಲಿ ತಿದ್ದಬೇಕು.

ಆದುದರಿಂದ ಈ ಕಾಯ್ದೆಯ ಇತಿಹಾಸದ ಅರ್ಧ ಭಾಗ ದೆಹಲಿಯಲ್ಲಿದ್ದರೆ ಉಳಿದರ್ಧ ಬೆಂಗಳೂರಿನಲ್ಲಿದೆ. ವಿಧಾನಸಭೆ ಮತ್ತು ವಿಧಾನ ಪರಿಷತ್ತು, ಎರಡೂ ಸದನಗಳ ನಡಾವಳಿ ಸಂಪುಟಗಳನ್ನು ನೋಡಬೇಕು. ಹುಡುಕುವವರು ಸಾಮಾನ್ಯವಾಗಿ ಎಡವುವುದು ಇಲ್ಲಿಯೇ. ರಾಜ್ಯಕ್ಕೆ ಕರ್ನಾಟಕ ಎಂಬ ಹೆಸರು ಬಂದುದು 1973ರ ನವೆಂಬರ್ 1ರಂದು. 1969ರ ಮಸೂದೆಯ ಜೊತೆಗಿದ್ದ ಉದ್ದೇಶ ಮತ್ತು ಕಾರಣಗಳ ಹೇಳಿಕೆಯಲ್ಲಿ ನಿರ್ಣಯ ಅಂಗೀಕರಿಸಿದ ರಾಜ್ಯಗಳ ಸಾಲಿನಲ್ಲಿರುವುದು 'ಮೈಸೂರು', ಕಾಯ್ದೆಯಲ್ಲಿರುವುದು 'ಕರ್ನಾಟಕ'. ಸೂಚಿಯಲ್ಲಿ ಹೊಸ ಹೆಸರನ್ನಷ್ಟೇ ಹುಡುಕಿದವರು ಬರಿಗೈಯಲ್ಲಿ ಮರಳುವುದು ಸಹಜ. ಜಿಲ್ಲೆಗಳ ವಿಷಯದಲ್ಲಿಯೂ ಇದೇ ಎಚ್ಚರ ಬೇಕು. 1997ಕ್ಕೆ ಮೊದಲು ಹರಿಹರ ಚಿತ್ರದುರ್ಗ ಜಿಲ್ಲೆಯಲ್ಲಿತ್ತು, ಕುಮಾರಪಟ್ಟಣ ಧಾರವಾಡ ಜಿಲ್ಲೆಯಲ್ಲಿತ್ತು. ಇಂದು ದಾವಣಗೆರೆ ಮತ್ತು ಹಾವೇರಿ. ಒಂದೇ ನದಿಯ ಕುರಿತ ಪ್ರಶ್ನೋತ್ತರಗಳು ನಾಲ್ಕು ಜಿಲ್ಲೆಗಳ ಹೆಸರಿನಲ್ಲಿ ಚದುರಿ ಹೋಗಿರುವ ಸಾಧ್ಯತೆ ಇದೆ.

ಅದೇ ಹೇಳಿಕೆ ಇನ್ನೊಂದು ತಪ್ಪು ಕಲ್ಪನೆಯನ್ನೂ ನಿವಾರಿಸುತ್ತದೆ. 1972ರ ಸ್ಟಾಕ್‌ಹೋಮ್ ಸಮ್ಮೇಳನದ ಫಲವಾಗಿ ಈ ಕಾನೂನು ಬಂದಿತೆಂದು ಹಲವರು ಬರೆದಿದ್ದಾರೆ. ಕಡತಗಳು ಹೇಳುವುದು ಬೇರೆ. ಕರಡು ಶಾಸನಕ್ಕಾಗಿ ಸಮಿತಿ ರಚನೆಯಾದುದು 1962ರಲ್ಲಿ. ಸ್ಥಳೀಯ ಸ್ವಯಮಾಡಳಿತದ ಕೇಂದ್ರ ಪರಿಷತ್ತು ಅದರ ವರದಿಯನ್ನು ಪರಿಶೀಲಿಸಿದ್ದು 1963ರಲ್ಲಿ. ಮಸೂದೆ ಮಂಡನೆಯಾದುದು 1969ರಲ್ಲಿ. ಸ್ಟಾಕ್‌ಹೋಮಿನ ಹೆಸರು ಪೀಠಿಕೆಯಲ್ಲಿ ಕಾಣಿಸುವುದು 1981ರ ವಾಯು ಕಾಯ್ದೆಯಲ್ಲಿ ಮತ್ತು 1986ರ ಪರಿಸರ ಸಂರಕ್ಷಣಾ ಕಾಯ್ದೆಯಲ್ಲಿ. ಸಮ್ಮೇಳನ ಒತ್ತಾಸೆ ನೀಡಿರಬಹುದು, ಆದರೆ ಅದು ಮೂಲವಲ್ಲ.

ಮಸೂದೆ ಮೊದಲು ಮಂಡನೆಯಾದುದು ರಾಜ್ಯಸಭೆಯಲ್ಲಿ. 1970ರ ಡಿಸೆಂಬರ್‌ನಲ್ಲಿ ಲೋಕಸಭೆ ವಿಸರ್ಜನೆಯಾದರೂ ಅದು ಬಿದ್ದುಹೋಗಲಿಲ್ಲ. ರಾಜ್ಯಸಭೆಯಲ್ಲಿ ಬಾಕಿ ಇದ್ದು ಲೋಕಸಭೆ ಇನ್ನೂ ಅಂಗೀಕರಿಸದ ಮಸೂದೆ ವಿಸರ್ಜನೆಯಿಂದ ರದ್ದಾಗದು ಎಂದು 107ನೇ ವಿಧಿ ಹೇಳುತ್ತದೆ. ಈ ಅವಧಿಯಲ್ಲಿಯೇ ಮಸೂದೆ ಉಭಯ ಸದನಗಳ ಜಂಟಿ ಸಮಿತಿಯ ಮುಂದೆ ಹೋಯಿತು. ಸಂಶೋಧಕರಿಗೆ ಅತ್ಯಂತ ಉಪಯುಕ್ತವಾದುದು ಇಂಥ ಸಮಿತಿಗಳ ವರದಿಯೇ. ಸದನದ ಭಾಷಣಗಳಲ್ಲಿ ಕಾಣದ ಕಲಂವಾರು ಚರ್ಚೆ, ಬದಲಾವಣೆಯ ಕಾರಣ, ಭಿನ್ನಮತವಿದ್ದರೆ ಅದರ ಟಿಪ್ಪಣಿ ಅಲ್ಲಿರುತ್ತವೆ. ಸಂಸತ್ತಿನ ಹಳೆಯ ಚರ್ಚೆಗಳು ಹಾಗೂ ವರದಿಗಳ ದೊಡ್ಡ ಭಾಗ ಇಂದು ಅಂತರಜಾಲದಲ್ಲಿ ಉಚಿತವಾಗಿ ದೊರೆಯುತ್ತದೆ. ಕಾಯ್ದೆಯ ಪಠ್ಯ 'ಇಂಡಿಯಾ ಕೋಡ್' ತಾಣದಲ್ಲಿದೆ. ಮೂಲ ಮಸೂದೆಗೆ ಮಾತ್ರ ಭಾರತ ರಾಜ್ಯಪತ್ರದ ವಿಶೇಷ ಸಂಚಿಕೆಯನ್ನೇ ನೋಡುವುದು ಒಳಿತು.

ನ್ಯಾಯಾಲಯದಲ್ಲಿ ಇವುಗಳ ತೂಕವೆಷ್ಟು? ಕಲಮಿನ ಮಾತು ಸ್ಪಷ್ಟವಾಗಿದ್ದರೆ ಹಿಂದಿನ ಚರ್ಚೆಗೆ ಎಡೆಯಿಲ್ಲ ಎಂಬುದು ಹಳೆಯ ನಿಯಮ. 1981ರ ಕೆ.ಪಿ. ವರ್ಗೀಸ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಮಸೂದೆ ಮಂಡಿಸಿದವರ ಭಾಷಣವನ್ನು ಶಾಸನದ ಉದ್ದೇಶ ತಿಳಿಯಲು ಬಳಸಬಹುದೆಂದಿತು. 2018ರಲ್ಲಿ ಕಲ್ಪನಾ ಮೆಹ್ತಾ ಪ್ರಕರಣದ ಸಂವಿಧಾನ ಪೀಠ ಸಂಸದೀಯ ಸಮಿತಿಯ ವರದಿಗಳನ್ನು ನೋಡಲು ಅಡ್ಡಿಯಿಲ್ಲ ಎಂದಿತು. ಆದರೆ ವರದಿಯನ್ನೇ ಪ್ರಶ್ನಿಸುವಂತಿಲ್ಲ.

ತಿದ್ದುಪಡಿಗಳನ್ನು ಬಿಟ್ಟರೆ ಹುಡುಕಾಟ ಅಪೂರ್ಣ. 1978ರ ತಿದ್ದುಪಡಿಗಿಂತ 1988ರದು ಹೆಚ್ಚು ಮಹತ್ವದ್ದು. ಕಾರ್ಖಾನೆ ಮುಚ್ಚಿಸುವ, ವಿದ್ಯುತ್ ಹಾಗೂ ನೀರು ಕಡಿತಗೊಳಿಸುವ ಅಧಿಕಾರ ಮಂಡಳಿಗೆ ದೊರೆತದ್ದು ಆಗಲೇ. ಅರುವತ್ತು ದಿನಗಳ ನೋಟಿಸು ನೀಡಿ ಸಾಮಾನ್ಯ ನಾಗರಿಕನೂ ನ್ಯಾಯಾಲಯಕ್ಕೆ ದೂರು ಸಲ್ಲಿಸಲು ಅವಕಾಶವಾದುದೂ ಆಗಲೇ. 2024ರ ತಿದ್ದುಪಡಿ ಹಲವು ಅಪರಾಧಗಳಿಗಿದ್ದ ಜೈಲು ಶಿಕ್ಷೆಯ ಬದಲು 10 ಸಾವಿರದಿಂದ 15 ಲಕ್ಷ ರೂಪಾಯಿಗಳವರೆಗೆ ದಂಡ ವಿಧಿಸಿತು. ಅದು ಮೊದಲಿಗೆ ಅನ್ವಯಿಸಿದ್ದು ಹಿಮಾಚಲ ಪ್ರದೇಶ, ರಾಜಸ್ಥಾನ ಮತ್ತು ಕೇಂದ್ರಾಡಳಿತ ಪ್ರದೇಶಗಳಿಗೆ. ಉಳಿದ ರಾಜ್ಯಗಳು ತಮ್ಮ ಸದನಗಳಲ್ಲಿ ನಿರ್ಣಯ ಅಂಗೀಕರಿಸಿದ ದಿನದಿಂದ ಮಾತ್ರ ಅದು ಅಲ್ಲಿ ಜಾರಿಗೆ ಬರುತ್ತದೆ. ಹೀಗಾಗಿ ಹರಿಹರದ ವಕೀಲರಾಗಲಿ ನದಿಯ ಕೆಳಭಾಗದ ರೈತರಾಗಲಿ ದಂಡದ ಕಲಮನ್ನು ಉದ್ಧರಿಸುವ ಮುನ್ನ ಕೇಂದ್ರದ ರಾಜ್ಯಪತ್ರದ ಜೊತೆಗೆ ರಾಜ್ಯದ ರಾಜ್ಯಪತ್ರವನ್ನೂ, ಘಟನೆ ನಡೆದ ದಿನಾಂಕವನ್ನೂ ಒಟ್ಟಿಗೆ ಇಟ್ಟುಕೊಂಡು ನೋಡಬೇಕಾಗುತ್ತದೆ.